ಅಪ್ಪ ಏನು ಮಾಡ್ತಾರೆ ಅಂತ ಕೇಳಿದರು

ಅಪ್ಪಾ,

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಬರೆಯದವಳು ಈಗ ಕಾಗದ ಹಿಡಿದು ಕೂತಿರುವುದು ಜಗಳವಾಡುವುದಕ್ಕೆ. ಅಮ್ಮನ ಹತ್ತಿರ ಜಗಳವಾಡಿದರೆ ಅವಳು ಅಳುತ್ತಾಳೆ. ಚಿಕ್ಕಪ್ಪನ ಹತ್ತಿರ ಆಡಿದರೆ ಅವನು ಬೀಡಿ ಹಚ್ಚಿಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿಬಿಡುತ್ತಾನೆ. ನೀನಾದರೆ ಈಗ ಎದ್ದು ಹೋಗುವ ಹಾಗಿಲ್ಲ, ಪೂರ್ತಿ ಕೇಳಿಸಿಕೊಳ್ಳಲೇಬೇಕು.

ಹೋದ ಮಂಗಳವಾರ ಕೋಲಾರದಲ್ಲಿ, ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ಅರವತ್ತು ಜನರ ಮುಂದೆ ನಿಂತು ನಿನ್ನ ಮಗಳು ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಂಡಳು. ನನ್ನ ಹೆಸರು ರೇಣುಕಾ. ಮಾಲೂರು ತಾಲ್ಲೂಕಿನವಳು. ನನ್ನ ತಂದೆ ಬಿಸಿನೆಸ್ ಮಾಡುತ್ತಾರೆ. ಸಂಗೀತ ಕೇಳುವುದು ನನ್ನ ಹವ್ಯಾಸ. ಹೆಸರಾಂತ ಕಂಪನಿಯಲ್ಲಿ ಕೆಲಸ ಮಾಡುವುದು ನನ್ನ ಗುರಿ. ಒಂದು ಕಡೆಯೂ ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತುಹೋದ ನಿನ್ನನ್ನು ಎಬ್ಬಿಸಿ ಕೂರಿಸಿದೆ, ಉಳಿ ಸುತ್ತಿಗೆ ಕಿತ್ತುಕೊಂಡು ಯಾವುದೋ ಅಂಗಡಿಯ ಗಲ್ಲಾದ ಮುಂದೆ ಕೂರಿಸಿದೆ. ನನಗೆ ಆ ಚಪ್ಪಾಳೆ ಇನ್ನೂ ಕಿವಿಯಲ್ಲಿ ಉರಿಯುತ್ತಿದೆ.

ಅದು ಹೇಗಾಯಿತು ಅಂತ ಹೇಳುತ್ತೇನೆ. ನಾವೆಲ್ಲ ಬಿ.ಕಾಂ. ಕೊನೆಯ ವರ್ಷ. ನರಸಾಪುರದ ಕಡೆಯ ಒಂದು ಫ್ಯಾಕ್ಟರಿಯವರು ಕಾಲೇಜಿಗೇ ಬಂದು ಕೆಲಸಕ್ಕೆ ಜನ ಆರಿಸುತ್ತಾರೆ, ಅದಕ್ಕೆ ನಮ್ಮನ್ನು ತಯಾರು ಮಾಡಬೇಕು ಅಂತ ಬೆಂಗಳೂರಿನಿಂದ ಒಬ್ಬ ಟ್ರೇನರ್ ಬಂದಿದ್ದರು. ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಪರಿಚಯದ ಮಾತುಗಳೆಲ್ಲ ಅದರಲ್ಲಿ ಮೊದಲೇ ಅಚ್ಚಾಗಿದ್ದವು, ಹೆಸರು, ಊರು, ಅಪ್ಪನ ಕೆಲಸದ ಜಾಗ ಮಾತ್ರ ಖಾಲಿ. ನನ್ನ ಪಕ್ಕ ಕೂರುವ ಗಾಯತ್ರಿ ವಕ್ಕಲೇರಿಯವಳು. ಹವ್ಯಾಸ ಏನಮ್ಮ ಅಂತ ಕೇಳಿದ್ದಕ್ಕೆ ಅವಳು ಎದ್ದು ನಿಂತು, "ಹಸು ನೋಡ್ಕೊಳ್ಳೋದು ಸಾರ್. ಬೆಳಗ್ಗೆ ಐದಕ್ಕೆದ್ದು ಹಾಲು ಕರೆದು ಡೇರಿಗೆ ಹಾಕಿ ಬರ್ತೀನಿ" ಅಂದಳು. ಹಾಲೆಲ್ಲ ನಗು. "ಅದು ಹಾಬಿ ಅಲ್ಲಮ್ಮ, ಮನೆಗೆಲಸ. ಬುಕ್ಸ್ ಓದೋದು ಅಂತ ಹಾಕ್ಕೋ" ಅಂದರು ಅವರು. ಗಾಯತ್ರಿ ಹಾಕಿಕೊಂಡಳು. ಅವಳ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಇರುವುದು ಡೇರಿಯ ಪಾಸ್‌ಬುಕ್ಕು.

ಶ್ರೀನಿವಾಸಪುರದ ಹುಡುಗನ ಅಪ್ಪ ಮಾವಿನ ಮಂಡಿಯಲ್ಲಿ ಕ್ರೇಟು ಹೊರುತ್ತಾರೆ: ಬಿಸಿನೆಸ್. ಮುಳಬಾಗಿಲಿನವನ ಅಪ್ಪ ಟೊಮೊಟೊ ಗಾಡಿ ಓಡಿಸುತ್ತಾರೆ: ಬಿಸಿನೆಸ್. ಮಧ್ಯಾಹ್ನದ ಊಟದ ಬೆಲ್ ಹೊಡೆಯುವಷ್ಟರಲ್ಲಿ ಕೋಲಾರ ಜಿಲ್ಲೆಯ ಅರವತ್ತು ಅಪ್ಪಂದಿರೂ ಬಿಸಿನೆಸ್ ಶುರು ಮಾಡಿಬಿಟ್ಟಿದ್ದರು. ನನ್ನ ಸರದಿ ಬಂದಾಗ ನಾನು ಸರಿಯಾಗಿಯೇ ಹೇಳಿದೆ ಅಪ್ಪಾ, ಮೊದಲ ಸಲ. "ಶಿವಾರಪಟ್ಟಣ ಸಾರ್. ಅಪ್ಪ ಶಿಲ್ಪಿ. ಈಗ ಇಲ್ಲ, ಹೋದ ವರ್ಷ ತೀರ್ಕೊಂಡ್ರು." ಅವರು ಕೆಟ್ಟವರೇನಲ್ಲ, ಮೆತ್ತಗೇ ಹೇಳಿದರು. "ತೀರ್ಕೊಂಡಿದ್ದೆಲ್ಲ ಅಲ್ಲಿ ಎತ್ತಬೇಡಮ್ಮ, ನೆಗೆಟಿವ್ ಆಗ್ತದೆ. ಕಲ್ಲು ಗಿಲ್ಲು ಬೇಡ. ಬಿಸಿನೆಸ್ ಅಂದ್ಬಿಡು, ಯಾರೂ ಬಂದು ನೋಡಲ್ಲ." ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸುವುದನ್ನು ನಾನು ಯಾರಿಂದ ಕಲಿತೆ ಹೇಳು?

ಕಾಲೇಜಿಗೆ ಸೇರಿಸಲು ನೀನು ನನ್ನ ಜೊತೆ ಬಂದ ದಿನ ಜ್ಞಾಪಕ ಮಾಡಿಕೋ. ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದೆ, ಉಗುರಿನ ಸಂದಿಯ ಕಪ್ಪು ದೂಳು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಕಿಟಕಿಯಾಚೆ ಕೂತಿದ್ದ ಗುಮಾಸ್ತರು ಅಪ್ಪನ ಕೆಲಸ ಏನು ಅಂತ ಕೇಳಿದರು. "ಶಿಲ್ಪಿ ಸಾಮಿ, ದೇವ್ರ ವಿಗ್ರಹ ಮಾಡ್ತೀವಿ" ಅಂದೆ. ಅವರು ಕಂಪ್ಯೂಟರ್ ನೋಡಿ, "ಅದಿಲ್ಲ ಇದ್ರಲ್ಲಿ. ವ್ಯವಸಾಯ, ಕೂಲಿ, ವ್ಯಾಪಾರ, ಸರ್ಕಾರಿ ನೌಕರಿ, ಇಷ್ಟೇ ಇರೋದು. ಕೂಲಿ ಅಂತ ಹಾಕ್ಲಾ?" ಅಂದರು. ನೀನು ನಕ್ಕೆ. "ಹಾಕಿ ಸಾಮಿ, ಅದೂ ಕೈಕೆಲಸಾನೇ ಅಲ್ಲವಾ." ನಾನು ಮುಖ ಊದಿಸಿಕೊಂಡಿದ್ದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕೊಡಿಸಿ, "ಪೋನೀಲೇ ತಲ್ಲಿ" ಅಂದೆ. ನಿನ್ನ ಬಾಯಲ್ಲಿ ಉಳಿದಿದ್ದ ಅಜ್ಜಿಯ ತೆಲುಗು ಅದು. ಹೋಗಲಿ ಬಿಡು ತಾಯಿ. ಕಲ್ಲಿನಲ್ಲಿ ಬಿರುಕು ಕಂಡರೆ ಪೋನೀಲೇ, ವಿಗ್ರಹ ಮಾಡಿಸಿದವರು ಹೇಳಿದ ದಿನಕ್ಕೆ ಬರದಿದ್ದರೆ ಪೋನೀಲೇ. ನಿನ್ನ ಕೆಲಸದ ಹೆಸರನ್ನೇ ಒಬ್ಬರು ಅಳಿಸಿ ಬೇರೆ ಬರೆದರೂ ಪೋನೀಲೇನಾ?

ಏಳನೇ ಕ್ಲಾಸಿನಲ್ಲಿದ್ದಾಗ ನನ್ನನ್ನು ಮುಳಬಾಗಿಲಿನ ಕಡೆಯ ಒಂದು ಊರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಗೋಪಾಲಸ್ವಾಮಿಯನ್ನು ಐದು ತಿಂಗಳು ಕೂತು ಮಾಡಿದ್ದವನು ನೀನು. ನಮ್ಮ ಶೆಡ್ಡಿನಲ್ಲಿದ್ದಷ್ಟು ದಿನ ಆ ಸ್ವಾಮಿಯ ಹೆಗಲ ಮೇಲೆ ನಿನ್ನ ಟವೆಲ್ ನೇತಾಡುತ್ತಿತ್ತು, ಕಾಲಿಗೆ ಒರಗಿಕೊಂಡು ನೀನು ಮುದ್ದೆ ಉಣ್ಣುತ್ತಿದ್ದೆ. ಪ್ರತಿಷ್ಠೆಯ ದಿನ ಕಣ್ಣು ತೆರೆಯಿಸಿದವನೂ ನೀನೇ. ಕಣ್ಣು ತೆರೆದ ಮೇಲೆ ಶಿಲ್ಪಿ ಗರ್ಭಗುಡಿಯಿಂದ ಆಚೆ, ಮುಟ್ಟುವ ಹಾಗಿಲ್ಲ. ಸರಿ, ಪದ್ಧತಿ. ನಾವು ಎಲ್ಲರ ಹಾಗೆ ಸಾಲಿನಲ್ಲಿ ನಿಂತೆವು. ನೀನು ಸ್ವಾಮಿಯ ಎಡ ಮೊಣಕಾಲಿನ ಕಡೆ ಬಗ್ಗಿ ಏನೋ ನೋಡುತ್ತಿದ್ದೆ. ಬ್ಯಾಡ್ಜು ಚುಚ್ಚಿಕೊಂಡಿದ್ದ ಒಬ್ಬಾತ ನಿನ್ನ ಬೆನ್ನಿಗೆ ಕೈಹಾಕಿ ತಳ್ಳಿದ. "ನಡೀರಿ ನಡೀರಿ, ಹಿಂದೆ ಜನ ಅವ್ರೆ." ಇದನ್ನು ಮಾಡಿದ್ದು ನಮ್ಮಪ್ಪ ಅಂತ ನಾನು ಬಾಯಿ ತೆರೆದೆ. ನೀನು ನನ್ನ ಹೆಗಲು ಒತ್ತಿ ಹಿಡಿದೆ.

ಹೊರಗೆ ಬಂದು ದೊನ್ನೆಯಲ್ಲಿ ಪುಳಿಯೋಗರೆ ತಿನ್ನುತ್ತಾ ಹೇಳಿದೆ. "ಹೇಳ್ಕೊಂಡ್ರೆ ಏನ್ ಬರ್ತದೆ ತಲ್ಲಿ? ದೇವ್ರು ಅಂತ ಆದ್ಮೇಲೆ ಮಾಡ್ದವನು ಕಾಣಬಾರ್ದು." ಆಗ ನನಗೆ ಅದು ದೊಡ್ಡ ಮಾತಿನ ಹಾಗೆ ಕಂಡಿತು. ಈಗ ಯೋಚಿಸಿದರೆ ಮೈಯೆಲ್ಲ ಉರಿಯುತ್ತದೆ. ದೇವರ ಮುಂದೆ ಕಾಣಬಾರದು, ಒಪ್ಪಿದೆ. ಗುಮಾಸ್ತರ ಮುಂದೆಯೂ ಕಾಣಬಾರದಾ? ಟ್ರೇನರ್ ಮುಂದೆ? ನೀನು ಎಲ್ಲಿಯೂ ಕಾಣದ ಹಾಗೆ ಇದ್ದುಬಿಟ್ಟೆ, ನಿನ್ನ ಹೆಸರು ಕೆತ್ತದ ವಿಗ್ರಹಗಳು ಎಷ್ಟು ಊರಲ್ಲಿವೆಯೋ ನಿನಗೇ ಲೆಕ್ಕವಿರಲಿಲ್ಲ. ಅದನ್ನೇ ನಮಗೂ ಅಭ್ಯಾಸ ಮಾಡಿಸಿ ಹೋದೆ.

ಕಲ್ಲು ಕುಯ್ಯುವ ಮೆಷಿನ್ನು ಶೆಡ್ಡಿಗೆ ಬಂದಾಗ ಅದರ ದೂಳಿಗೆ ಅಂತ ಅಮ್ಮ ಮೂಗಿಗೆ ಕಟ್ಟಿಕೊಳ್ಳಲು ಮಾಸ್ಕ್ ತಂದುಕೊಟ್ಟಿದ್ದಳು. ಸೆಕೆ ಅಂತ ಅದನ್ನು ಮೊಳೆಗೆ ನೇತುಹಾಕಿದೆ. ಕೆಮ್ಮು ಬಂತು, ಪೋನೀಲೇ. ಮೆಟ್ಟಿಲು ಹತ್ತಿದರೆ ಏದುಸಿರು ಬಂತು, ಆಗಲೂ... ಇರಲಿ, ಅದನ್ನು ಬರೆಯಲು ಕೂತರೆ ಈ ಕಾಗದ ಮುಗಿಯುವುದಿಲ್ಲ. ಆ ದೂಳಿನಲ್ಲಿ ನಾನು ಹತ್ತು ವರ್ಷದವಳಿಂದ ಕೂತು ಪಾಲಿಶ್ ಉಜ್ಜಿದ್ದೇನೆ. ಮುಖದ ಅಳತೆ ಇಟ್ಟುಕೊಂಡು ವಿಗ್ರಹದ ಇಡೀ ಮೈಯನ್ನು ಭಾಗ ಮಾಡುವುದು ಹೇಗೆ ಅಂತ ನೀನು ಚಿಕ್ಕಪ್ಪನಿಗೆ ಹೇಳಿಕೊಡುವಾಗ ಕೇಳಿಸಿಕೊಂಡೇ ಕಲಿತಿದ್ದೇನೆ, ಚಿಕ್ಕಪ್ಪನಿಗಿಂತ ಬೇಗ. ಆದರೆ ಉಳಿಗೆ ಕೈ ಹಾಕಿದರೆ ಮಾತ್ರ, "ಬೇಡ ತಲ್ಲಿ, ಕೈ ಒರಟಾಗ್ತವೆ. ನೀನು ಓದ್ಕೋ" ಅನ್ನುತ್ತಿದ್ದೆ. ಓದಿದೆನಲ್ಲ. ಓದಿ ಕಲಿತಿದ್ದು ಏನು ಅಂತ ಮಂಗಳವಾರ ಎಲ್ಲರೂ ನೋಡಿದರು.

ಶುಕ್ರವಾರ ಫ್ಯಾಕ್ಟರಿಯವರು ಬಂದರು. ಪ್ರಿನ್ಸಿಪಾಲರ ರೂಮಿನಲ್ಲಿ ಇಬ್ಬರು ಕೂತಿದ್ದರು, ಒಬ್ಬರು ಮೇಡಂ, ಇನ್ನೊಬ್ಬರು ತಲೆ ನೆರೆತ ಸರ್. ಬಾಗಿಲ ಹತ್ತಿರದ ಕುರ್ಚಿಯಲ್ಲಿ ನಮ್ಮ ಟ್ರೇನರ್. ಹೆಸರು ಹೇಳಿದೆ, ತಾಲ್ಲೂಕು ಹೇಳಿದೆ, ನನ್ನ ತಂದೆ ಅಂತ ಶುರು ಮಾಡಿದೆ. ಮುಂದಿನ ಮಾತು ಬರಲಿಲ್ಲ. ಮರೆತು ಹೋಗಿರಲಿಲ್ಲ ಅಪ್ಪಾ, ಬಾಯಿಗೆ ತಂದುಕೊಳ್ಳಲು ಆಗಲಿಲ್ಲ. ಕೊನೆಗೆ ಕನ್ನಡದಲ್ಲೇ ಹೇಳಿದೆ. "ನಮ್ಮಪ್ಪ ಶಿವಾರಪಟ್ಟಣದಲ್ಲಿ ಶಿಲ್ಪಿಯಾಗಿದ್ರು ಮೇಡಂ. ಹೋದ ವರ್ಷ ತೀರ್ಕೊಂಡ್ರು. ಈ ಹಾಳೇಲಿ ಬಿಸಿನೆಸ್ ಅಂತ ಇರೋದು ಸುಳ್ಳು. ಸಂಗೀತಾನೂ ಸುಳ್ಳು." ಹಿಂದೆ ಕುರ್ಚಿ ಕಿರ್ ಅಂದಿತು.

ಆ ಸರ್ ಮುಖ ಅರಳಿತು. "ಶಿವಾರಪಟ್ಟಣಾನಾ? ನಮ್ಮ ಅಪಾರ್ಟ್‌ಮೆಂಟಿನ ಗಣೇಶನ್ನ ಅಲ್ಲಿಂದ್ಲೇ ತಂದಿದ್ದು." ನಾನು ಕೇಳಿಯೇಬಿಟ್ಟೆ. "ಯಾರು ಮಾಡಿದ್ದು ಸಾರ್?" ಅವರು, "ಅದು ಗೊತ್ತಿಲ್ಲಮ್ಮ" ಅಂದರು. ನಾಚಿಕೊಂಡರು ಅನ್ನಿಸಿತು. ಆಗ ಮೇಡಂ ಪೆನ್ನು ಕೆಳಗಿಟ್ಟು, "ನೀನೂ ಕೆತ್ತುತ್ತೀಯಾ?" ಅಂತ ಕೇಳಿದರು. ಅದಕ್ಕೆ ನಾನು ತಯಾರಾಗಿರಲಿಲ್ಲ. ಹಾಳೆಯಲ್ಲೂ ಇರಲಿಲ್ಲ, ನನ್ನ ಮನಸ್ಸಿನಲ್ಲೂ ಇರಲಿಲ್ಲ. "ಒಂದು ಕೈ ಕೆತ್ತಿದ್ದೀನಿ ಮೇಡಂ" ಅಂದೆ. ಮುಂದೆ ಏನು ಆಸೆ ಅಂದರು. "ಪೂರ್ತಿ ವಿಗ್ರಹ ಕೆತ್ತೋದು." ಹಾಗಾದರೆ ಈ ಕೆಲಸ ಯಾಕಮ್ಮ ಅಂದರು. "ಮನೆ ನಡೀಬೇಕಲ್ಲ ಮೇಡಂ. ತಮ್ಮ ಇನ್ನೂ ಹೈಸ್ಕೂಲು." ಮೇಡಂ ಏನೋ ಬರೆದುಕೊಂಡರು. ಆಯ್ಕೆಯಾದವರ ಪಟ್ಟಿ ಇನ್ನೂ ಬಂದಿಲ್ಲ. ಹೊರಗೆ ಟ್ರೇನರ್, "ಕೈಗೆ ಬಂದಿದ್ದನ್ನ ಹಾಳು ಮಾಡ್ಕೊಂಡ್ಯಲ್ಲಮ್ಮ" ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡರು. ಗಾಯತ್ರಿ ಮಾತ್ರ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಬರುವಾಗ, "ನಾನೂ ಹಸು ಅಂತಾನೇ ಅಂದೆ ಕಣೇ" ಅಂದಳು.

ನರಸಾಪುರದಲ್ಲಿ ಬಸ್ಸು ಬದಲಾಯಿಸಲು ಇಳಿದಾಗ ನನಗೆ ಹೊಳೆಯಿತು. ಹೆಸರು ಕೂಡ ಗೊತ್ತಿಲ್ಲದ ಇಬ್ಬರಿಗೆ ಹೇಳಿದ ಮಾತನ್ನು ನಾನು ನಿನಗೆ ಹೇಳಿಯೇ ಇಲ್ಲ. ನಿನ್ನನ್ನು ಇಷ್ಟು ಬೈಯುತ್ತಿದ್ದೇನಲ್ಲ, ನಾನು ಮಾಡಿದ್ದಾದರೂ ಏನು? ಅದಕ್ಕೇ ಈ ಕಾಗದ.

ನೀನು ಒಂಬತ್ತು ದಿನ ಕೋಲಾರದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮಧ್ಯಾಹ್ನ. ಬಂದವನು ಚಾಪೆಗೆ ಹೋಗದೆ ನೇರ ಶೆಡ್ಡಿಗೆ ಹೋದೆ. ಶ್ರೀನಿವಾಸಪುರದ ಕಡೆಯವರು ಮಾಡಿಸುತ್ತಿದ್ದ ಅಮ್ಮನವರ ವಿಗ್ರಹ ನೀನು ಹೋಗುವಾಗ ಅರ್ಧದಲ್ಲಿತ್ತು, ಅಭಯ ಕೊಡುವ ಬಲಗೈ ಬರೀ ಕಲ್ಲಿನ ಮುದ್ದೆಯಾಗಿತ್ತು. ಈಗ ಅಲ್ಲಿ ಕೈ ಇತ್ತು. ನೀನು ಹೆಬ್ಬೆರಳಿನಿಂದ ಆ ಒಂದೊಂದು ಬೆರಳನ್ನೂ ಸವರಿ ನೋಡಿದೆ. "ಕೊನೆಗೂ ನನ್ನ ತಮ್ಮನ ಕೈ ಕುದುರ್ತು ನೋಡು. ಬೆರಳು ಬಲು ಚೆನ್ನಾಗಿ ಬಂದವೆ. ಹೆಬ್ಬೆರಳ ಬುಡ ಒಂದು ಸ್ವಲ್ಪ ದಪ್ಪ ಆಗೈತೆ, ಅಷ್ಟೇ" ಅಂದೆ. ಚಿಕ್ಕಪ್ಪ ಅಲ್ಲೇ ನಿಂತಿದ್ದ. ತಲೆಯಾಡಿಸಿದ. ನಾನು ನಿನಗೆ ಗಂಜಿಯ ಲೋಟ ಹಿಡಿದು ಬಾಗಿಲಲ್ಲಿದ್ದೆ. ನಾಳೆ ಹೇಳೋಣ, ಸ್ವಲ್ಪ ಹುಷಾರಾಗಲಿ ಅಂದುಕೊಂಡೆ. ಎರಡು ತಿಂಗಳಲ್ಲಿ ನೀನು...

ನಿನ್ನೆ ಚಿಕ್ಕಪ್ಪನನ್ನು ಬೀಡಿ ಹಚ್ಚಲು ಬಿಡದೆ ಹಿಡಿದು ನಿಲ್ಲಿಸಿ ಕೇಳಿದೆ, ಆ ದಿನ ಯಾಕೆ ಸುಮ್ಮನಿದ್ದೆ ಅಂತ. "ಅಣ್ಣ ಯಾವತ್ತೂ ನನ್ನ ಹೊಗಳಿರ್ಲಿಲ್ಲ ಕಣಮ್ಮ" ಅಂದ. ಇನ್ನು ಮೇಲೆ ಭಾನುವಾರ ನಾನು ಶೆಡ್ಡಿನಲ್ಲಿ ಕೂರುತ್ತೇನೆ ಅಂದೆ, ಆಗಲಿ ಅಂದಿದ್ದಾನೆ. ಮಾಸ್ಕ್ ಕಟ್ಟಿಕೊಂಡೇ ಕೂರುತ್ತೇನೆ, ಅದರಲ್ಲಿ ನಿನ್ನ ಮಾತು ಕೇಳುವುದಿಲ್ಲ. ಈಗ ಕೇಳು ಅಪ್ಪಾ. ನಿನಗೆ ಊಟ ತೆಗೆದುಕೊಂಡು ಅಮ್ಮ, ಚಿಕ್ಕಪ್ಪ ಇಬ್ಬರೂ ಆಸ್ಪತ್ರೆಗೆ ಹೋಗುತ್ತಿದ್ದ ನಾಲ್ಕು ಮಧ್ಯಾಹ್ನ, ನಿನ್ನದೇ ಸಣ್ಣ ಉಳಿ ಹಿಡಿದು ಆ ಕೈ ಕೆತ್ತಿದವಳು ನಾನು. ಬೆರಳು ಚೆನ್ನಾಗಿ ಬಂದದ್ದು ನನ್ನಿಂದ. ಹೆಬ್ಬೆರಳ ಬುಡ ದಪ್ಪವಾದದ್ದೂ ನನ್ನಿಂದಲೇ.

ನಿನ್ನ ಮಗಳು,
ರೇಣುಕಾ