ಸೋಮವಾರದ ಮುದ್ರಣ, ಶುಕ್ರವಾರದ ಅಂಚೆ

ಮಾರ್ಚ್ 3, ಸೋಮವಾರ

ನಮ್ಮ ಸಾರಿಗೆ ಕಚೇರಿಯ ಕಂಪ್ಯೂಟರುಗಳ ಬ್ಯಾಕಪ್ ಸರಿಯಾಗಿದೆ. ಲೈಸೆನ್ಸ್ ಕೌಂಟರಿನೆದುರಿನ ಬೆಂಚಿನಲ್ಲಿ ಅಕ್ಕ ಇಂದೂ ಕುಳಿತಿದ್ದಳು, ಆರನೆಯ ದಿನ. ಆಡಳಿತ ಕಾನೂನಿನ ಅಧ್ಯಯನ ಎಲ್ಲಿಗೆ ಬಂತು, ಇನ್ನು ಎತ್ತ ಹೋಗಬೇಕು ಎಂದು ಪತ್ರಿಕೆಯೊಂದು ಅವಳಿಂದ ಲೇಖನ ಕೇಳಿದೆ. ಅವಳ ಸಹೋದ್ಯೋಗಿಗಳಾದರೆ ತೀರ್ಪುಗಳನ್ನು ಓದಿ ಬರೆಯುತ್ತಾರೆ. ಇವಳೇಕೆ ಇಲ್ಲಿ? ಊಟದ ಹೊತ್ತಿಗೆ ಕೇಳಿದೆ.

"ನೂರು ಜನರಲ್ಲಿ ಒಬ್ಬ ಕೋರ್ಟಿಗೆ ಹೋಗ್ತಾನೆ. ನಾವು ಅವನೊಬ್ಬನನ್ನೇ ಓದ್ಕೊಂಡು ಕೂತಿದ್ವಿ ಕಣೋ."

ಮೂವತ್ತು ವರ್ಷ ಕಾನೂನು ಪಾಠ ಹೇಳಿದವಳು ಹೀಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಮಾರ್ಚ್ 6, ಗುರುವಾರ

ಒಬ್ಬ ಬಸ್ ಚಾಲಕನ ಕಡತ ತಂದಳು. ಲೈಸೆನ್ಸ್ ನವೀಕರಣ ತಿರಸ್ಕೃತ. ಮೂರು ತಿಂಗಳಿಂದ ಕೆಲಸವಿಲ್ಲ. ನಮ್ಮ ಪತ್ರಕ್ಕೆ ಹದಿನೈದು ದಿನದೊಳಗೆ ಉತ್ತರಿಸಲಿಲ್ಲವೆಂದು ದಾಖಲೆ. ಪತ್ರ ಕೈಸೇರಿದ ಹದಿನಾಲ್ಕನೆಯ ದಿನವೇ ಉತ್ತರಿಸಿದೆ ಎನ್ನುತ್ತಾನೆ ಆತ. ನಿರ್ಧರಿಸಿದ್ದು ಅಧಿಕಾರಿಯಲ್ಲ, ಪ್ರೋಗ್ರಾಂ.

"ನಿನ್ನ ಮೆಷೀನಿಗೂ ನಿನ್ನ ಥರಾನೇ ಬಾಯಿಲ್ಲ. ಆಗಲ್ಲ ಅನ್ನುತ್ತೆ, ಯಾಕೆ ಅಂತ ಹೇಳಲ್ಲ."

ನೋಡುತ್ತೇನೆ ಎಂದೆ.

ಮಾರ್ಚ್ 7, ಶುಕ್ರವಾರ

ಸಿಕ್ಕಿತು. ನಿಯಮದಲ್ಲಿ ದಿನಗಳ ಎಣಿಕೆ ಪತ್ರ ತಲುಪಿದಂದಿನಿಂದ. ಪ್ರೋಗ್ರಾಂ ಎಣಿಸುವುದು ಮುದ್ರಣವಾದಂದಿನಿಂದ. ಮುದ್ರಣ ಸೋಮವಾರ, ಅಂಚೆಗೆ ಹೋಗುವುದು ಶುಕ್ರವಾರ... ಆ ಸಾಲು ಬರೆದವನು ನಾನು. ಒಂಬತ್ತು ವರ್ಷದ ಹಿಂದೆ.

ಅಕ್ಕನಿಗೆ ಹೇಳಲಿಲ್ಲ.

ಮಾರ್ಚ್ 19, ಬುಧವಾರ

ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ. ಅವಳು ಕನ್ನಡಕ ಒರೆಸಿಕೊಂಡು ಲೇಖನದ ಕರಡು ಮುಂದಿಟ್ಟಳು. ಮುಂದಿನ ವಿದ್ವಾಂಸರು ತೀರ್ಪಿನಷ್ಟೇ ಶ್ರದ್ಧೆಯಿಂದ ಪ್ರೋಗ್ರಾಮಿನ ಸಾಲುಗಳನ್ನೂ ಓದಬೇಕು, ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕು ಎಂದಿದೆ. ನನ್ನ ಕಸುಬಿನ ಬಗ್ಗೆ ಇಷ್ಟು ಗೌರವದ ವಾಕ್ಯವನ್ನು ಎಲ್ಲಿಯೂ ಓದಿರಲಿಲ್ಲ.

"ಲೇಖನಕ್ಕೆ ನಿನ್ನ ಹೆಸರು ಬೇಡ. ಆ ಡ್ರೈವರ್‌ಗೆ ಬೇಕು. ಸೋಮವಾರ ಅವನ ಮೇಲ್ಮನವಿ."

ಮಾರ್ಚ್ 20, ಗುರುವಾರ

ತಪ್ಪು ಸಾಲು ನನ್ನದೆಂದು ಮೇಲಧಿಕಾರಿಗೆ ಬರೆದುಕೊಟ್ಟೆ. ವಿಚಾರಣೆ ನಿಮ್ಮ ಮೇಲೇ ಬರುತ್ತದೆ, ಕೆಲಸಕ್ಕೂ ಕುತ್ತು, ಯೋಚಿಸಿ ಎಂದರು. ಹದಿಮೂರು ದಿನ ಯೋಚಿಸಿ ಆಗಿದೆ ಎಂದೆ.

ಮಾರ್ಚ್ 24, ಸೋಮವಾರ

ಮೇಲ್ಮನವಿಯ ಕೊಠಡಿ ಚಿಕ್ಕದು. ಆ ಸಾಲು ಯಾರು ಬರೆದದ್ದೆಂದು ಅಧಿಕಾರಿ ಕೇಳಿದರು. ನಾನು ಎಂದೆ. ದಿನಗಳ ಲೆಕ್ಕ ವಿವರಿಸಿದೆ. ಹಿಂದಿನ ಕುರ್ಚಿಯಲ್ಲಿ ಅಕ್ಕ ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು. ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಚಾಲಕ ನನ್ನನ್ನು ನೋಡಿದ.

"ಹಾಗಾದ್ರೆ ಸಾರ್, ನಾನು ಲೇಟ್ ಮಾಡಿಲ್ಲ, ಅಲ್ವಾ? ಮನೇಲೂ ಯಾರೂ ನಂಬಿಲ್ಲ."

ಅಧಿಕಾರಿಯ ಮೂಲಕ ಉತ್ತರಿಸುವುದು ಅಲ್ಲಿನ ಕ್ರಮ. ಕ್ರಮ ಬಿಟ್ಟೆ. ಎದ್ದು ನಿಂತು, ಆತನ ಕಡೆಗೇ ತಿರುಗಿ ಹೇಳಿದೆ: "ನೀವು ಲೇಟ್ ಮಾಡಿಲ್ಲ, ತಪ್ಪು ನಾನು ಬರೆದ ಸಾಲಿನದು."