ಇಪ್ಪತ್ತು ತೋಟೆ

ಆಗಸ್ಟ್ 9, ಭಾನುವಾರ

ಹಾರಿಸಿದ ತೋಟೆಗಳ ಮೂವತ್ತೆರಡು ಹಿತ್ತಾಳೆ ಚಿಪ್ಪು ತೊಳೆದು ಒಣಗಿಸಿದ್ದಾಯಿತು. ಎರಡರ ಕುತ್ತಿಗೆ ಸೀಳಿತ್ತು — ಬಿಸಾಡಿದೆ. ತಮ್ಮ ಲೋವೆಲ್ ಇನ್ನೂ ಬಂದಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ಖಾಲಿ ಚಿಪ್ಪು ತಂದು ಮೇಜಿನ ಮೇಲೆ ಸುರಿದು, "ಆರ್ಡಿ, ಇವಕ್ಕೆ ಜೀವ ತುಂಬು" ಅನ್ನುತ್ತಿದ್ದ. ಇಪ್ಪತ್ತಾರು ವರ್ಷ.

ಅಪ್ಪ ಸತ್ತಾಗ ಕೋವಿ ತಮ್ಮನಿಗೆ ಹೋಯಿತು. ತೋಟೆ ತುಂಬುವ ಯಂತ್ರ, ತಕ್ಕಡಿ ನನಗೆ ಬಂದವು. ಗಂಡಿಗೆ ಕೋವಿ, ಹೆಣ್ಣಿಗೆ ಪಾತ್ರೆ ಪಡಗ ಎಂದು ಊರವರು ನಕ್ಕರು. ನಗಲಿ. ಆ ಕೋವಿಗೆ ಯಾವ ಮದ್ದು ಒಗ್ಗುತ್ತದೆ, ಎಷ್ಟು ತೂಕ, ಗುಂಡು ಎಷ್ಟು ಆಳ ಕೂರಬೇಕು... ಗೊತ್ತಿರುವುದು ನನಗೊಬ್ಬಳಿಗೇ.

ನಾಳೆ ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯ ಒಲೆ ರಿಪೇರಿಗೆ ಜನ ಬರುತ್ತಾರೆ. ಬೇಗ ಏಳಬೇಕು.

ಆಗಸ್ಟ್ 16

ಬಂದ. ಬರಿಗೈಯಲ್ಲಿ.

"ಚಿಪ್ಪು ಎಲ್ಲೋ?"

"ಈ ವರ್ಷ ಕೊರೀನ್ ತುಂಬ್ತಿದ್ದಾಳೆ. ಅವಳಿಗೂ ಇದರ ಹುಚ್ಚು ಕಣೆ. ನಿನಗೂ ಕೆಲಸ ಉಳೀತು, ಅಲ್ವಾ?"

ಏಪ್ರಿಲ್‌ನಲ್ಲಿ ಕಟ್ಟಿಕೊಂಡ ಹೆಂಡತಿ. ಅಂಚೆ ಕಚೇರಿಯಲ್ಲಿ ಕೆಲಸ. ಐವತ್ತಾರು ವರ್ಷದ ಗಂಡಸು ಜೇಬಿನಿಂದ ಗುರಿಕಾಗದ ತೆಗೆದು, ಮಕ್ಕಳು ಮಾರ್ಕ್ಸ್‌ಕಾರ್ಡ್ ತೋರಿಸುವ ಹಾಗೆ ತೋರಿಸಿದ. ನೂರು ಗಜದಿಂದ ಮೂರು ಗುಂಡು. ಹತ್ತು ಸೆಂಟಿನ ನಾಣ್ಯ ಇಟ್ಟರೆ ಮೂರೂ ತೂತು ಮುಚ್ಚಿಹೋಗುತ್ತವೆ. ಇಟ್ಟು ನೋಡಿದೆ.

"ಚೆನ್ನಾಗಿದೆ" ಅಂದೆ. ಕಾಫಿ ಕೊಟ್ಟೆ. ಸಕ್ಕರೆ ಹಾಕಲು ಮರೆತೆ. ಮರೆತೆನೋ, ಹಾಕಲಿಲ್ಲವೋ...

ಆಗಸ್ಟ್ 23

ಅವರ ಮನೆಯಲ್ಲಿ ಊಟ. ಹೋದ ವರ್ಷ ಹೊಡೆದ ಎಲ್ಕ್ ಜಿಂಕೆಯ ಮಾಂಸದ ಸಾಸೇಜು, ಹಕಲ್‌ಬೆರಿ ಹಣ್ಣಿನ ಪೈ. ಪೈ ಕೂಡ ಚೆನ್ನಾಗಿತ್ತು. ಅದೊಂದಾದರೂ ಕೆಟ್ಟಿರಬಾರದಿತ್ತೇ?

ಹಿಂದಿನ ಕೋಣೆಯಲ್ಲಿ ಅವಳ ಮೇಜು. ಧೂಳಿಲ್ಲ. ಪ್ರತಿ ಡಬ್ಬಿಗೂ ಚೀಟಿ. ಅಂಕಿ ಮಿನುಗುವ ಎಲೆಕ್ಟ್ರಿಕ್ ತಕ್ಕಡಿ. ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಆರ್ಡಿಸ್, ಈ ಕೋವಿಗೆ ಗುಂಡನ್ನ ನೀವು ಎಷ್ಟು ಆಳ ಕೂರಿಸ್ತಿದ್ರಿ? ಅದೊಂದು ನನಗೆ ಹಿಡೀತಾ ಇಲ್ಲ."

"ನೆನಪಿಲ್ಲಮ್ಮ."

ಇಂಚಿನ ಸಾವಿರದಲ್ಲೊಂದು ಅಂಶದವರೆಗೆ ನೆನಪಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಸೆಪ್ಟೆಂಬರ್ 12

ಜಲ್ಲಿ ಕ್ವಾರಿಯಲ್ಲಿ ಬೆಳಗಿನಿಂದ, ಅಪ್ಪನ ಕೋವಿಯದೇ ತೋಟೆ ಹಿಡಿಸುವ ನನ್ನ ಕೋವಿಯೊಂದಿಗೆ. ಈ ಸಲ ಹೊಸ ಮದ್ದು ತರಿಸಿದ್ದೇನೆ. ಅರ್ಧ ಗ್ರೇನು ತೂಕ ಏರಿಸುವುದು, ಮೂರು ಹಾರಿಸುವುದು, ತೂತುಗಳ ಅಂತರ ಅಳೆಯುವುದು. ಒಂದೂವರೆ ಇಂಚು. ಒಂದೂಕಾಲು. ಮತ್ತೆ ಒಂದೂವರೆ. ಗಾಳಿ. ಕೊನೆಯ ಮೂರಕ್ಕೆ ಕೋವಿಯ ಚಿಲಕ ಬಿಗಿಯಾಯಿತು. ಮದ್ದು ಹೆಚ್ಚಾಯಿತು ಎಂದು ಕೋವಿಯೇ ಹೇಳಿದ ಹಾಗೆ. ಇಳಿಸಿದೆ.

ಭುಜ ನೀಲಿಗಟ್ಟಿದೆ. ಯಾರಿಗಾಗಿ ಇದೆಲ್ಲ? ನನ್ನ ಕೋವಿಗೆ ಹಳೆಯ ಲೆಕ್ಕವೇ ಸಾಕು. ಯಾವ ಎಲ್ಕೂ ತನಗೆ ಬಿದ್ದ ಗುಂಡುಗಳ ನಡುವಿನ ಅಂತರ ಅಳೆದು ಸತ್ತಿಲ್ಲ — ಅಪ್ಪ ಹೇಳುತ್ತಿದ್ದ ಮಾತು.

ಸೆಪ್ಟೆಂಬರ್ 26

ಗೆದ್ದೆ!

ಲೋವೆಲ್‌ನನ್ನು ಕ್ವಾರಿಗೆ ಕರೆಸಿದೆ. ಅಪ್ಪನ ಕೋವಿ, ನನ್ನ ಮೂರು ತೋಟೆ. ದುರ್ಬೀನಿನಲ್ಲಿ ನೋಡಿದಾಗ ಒಂದೇ ತೂತು ಕಂಡಿತು. ಎರಡು ಕಾಗದಕ್ಕೇ ಬೀಳಲಿಲ್ಲವೇನೋ ಎಂದುಕೊಂಡೆ. ಹತ್ತಿರ ಹೋದರೆ ಮೂರೂ ಅಲ್ಲೇ, ಒಂದರ ಮೇಲೊಂದು.

"ಬಡ್ಡೀಮಗಂದು!" ಲೋವೆಲ್ ಟೋಪಿ ತೆಗೆದು ನೆಲಕ್ಕೆ ಬಡಿದ. "ಇಪ್ಪತ್ತು ಮಾಡಿಕೊಡು ಆರ್ಡಿ. ಬೇಟೆ ಸೀಸನ್ನಿನ ಮೊದಲ ದಿನ ನಿನ್ನದೇ."

"ನಿನ್ನ ಹೆಂಡ್ತಿ ಏನಂತಾಳೋ?"

"ಏನಂತಾಳೆ? ಏನೂ ಅನ್ನಲ್ಲ."

ಅನ್ನಲಿ ಎಂದೇ ನನ್ನ ಆಸೆ.

ಅಕ್ಟೋಬರ್ 11

ಇಪ್ಪತ್ತೂ ತುಂಬಿದೆ. ಮುಕ್ಕಾಲು ಗಂಟೆ, ಅಷ್ಟೆ. ಕೈ ತಾನಾಗಿಯೇ ಓಡಿತು. ಡಬ್ಬಿಗೆ ಚೀಟಿ ಅಂಟಿಸಿ ದೊಡ್ಡಕ್ಷರದಲ್ಲಿ ಹೆಸರು ಬರೆದೆ: ಆರ್ಡಿಸ್.

ಅಕ್ಟೋಬರ್ 17

ಕೊಟ್ಟು ಬಂದೆ. ಬೇಕೆಂದೇ ಕೊರೀನ್ ಮನೆಯಲ್ಲಿರುವ ಹೊತ್ತಿಗೆ ಹೋದೆ. ಡಬ್ಬಿಯನ್ನು ಅವಳ ಕೈಗೇ ಇಟ್ಟೆ. "ಒಳ್ಳೇದು, ಅವನ ಬ್ಯಾಗಿಗೆ ಹಾಕ್ತೀನಿ" ಅಂದಳು. ಮುಖ ಸಣ್ಣದಾಗಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಹಾಡು ಗುನುಗಿದೆ.

ಅಕ್ಟೋಬರ್ 24, ಶನಿವಾರ, ಮಧ್ಯಾಹ್ನ 12

ಮೇಜು ಒರೆಸುತ್ತಿದ್ದೆ. ಮದ್ದಿನ ಡಬ್ಬಿಗಳು ಎರಡು. ಒಂದು ಲೋವೆಲ್‌ನ ಕೋವಿಯದು, ನಿಧಾನ ಉರಿಯುವುದು. ಇನ್ನೊಂದು ಹೊಲ ಕೆಡಿಸುವ ಗೋಫರ್ ಇಲಿ ಹೊಡೆಯುವ ನನ್ನ ಚಿಕ್ಕ ಕೋವಿಯದು, ಭಗ್ಗೆಂದು ಉರಿಯುವುದು. ಎರಡೂ ಬೂದುಬಣ್ಣ. ಹರಳು ಮಾತ್ರ ಎರಡನೆಯದರಲ್ಲಿ ತುಸು ಸಣ್ಣ.

ಮೊದಲನೆಯದನ್ನು ಎತ್ತಿದೆ. ಕ್ವಾರಿಯ ದಿನ ಎಷ್ಟಿತ್ತೋ ಅಷ್ಟೇ ಇದೆ. ಎರಡನೆಯದು ಹಗುರ.

ತೂಗಿದೆ. ಗೋಫರ್ ತೋಟೆಯ ಲೆಕ್ಕ ಕಳೆದರೆ, ಇಪ್ಪತ್ತು ತೋಟೆಗೆ ಎಷ್ಟು ಬೇಕೋ ಸರಿಯಾಗಿ ಅಷ್ಟೇ ಕಡಿಮೆ.

ಗೋಫರ್ ತೋಟೆ ತುಂಬಿದ ಮೇಲೆ ಯಂತ್ರದ ಮದ್ದು ಅಳೆಯುವ ಕೊಳವೆ ಖಾಲಿ ಮಾಡಿರಲಿಲ್ಲ. ಅದರ ಮೇಲೇ ಅದೇ ಡಬ್ಬಿಯಿಂದ ಸುರಿದಿದ್ದೇನೆ. ನೋಡಲಿಲ್ಲ. ಕೊರೀನ್ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತಿದ್ದೆ.

ಆ ಮದ್ದು ಆ ತೂಕದಲ್ಲಿ ಉರಿದರೆ ಕೋವಿ ಸಿಡಿಯುತ್ತದೆ. ಅವನ ಕೆನ್ನೆ ಅದಕ್ಕೆ ಆನಿಕೊಂಡಿರುತ್ತದೆ.

ಇಬ್ಬರೂ ನಿನ್ನೆಯೇ ಬೇಟೆ ಕ್ಯಾಂಪಿಗೆ ಹೋಗಿದ್ದಾರೆ. ಅಲ್ಲಿ ಫೋನಿಲ್ಲ. ಬೇಟೆ ಶುರು ನಾಳೆ. ಆದರೆ ಗುರಿ ಸರಿಯಿದೆಯೇ ನೋಡಲು ಹಿಂದಿನ ದಿನವೇ ಒಂದು ಹಾರಿಸುವವನು ಅವನು.

ಹೊರಟೆ.

ಅಕ್ಟೋಬರ್ 25

ನಿನ್ನೆ ನಡೆದದ್ದನ್ನು ಬರೆದಿಡಬೇಕು.

ನಲವತ್ತು ಮೈಲಿ. ಕೊನೆಯ ಆರು ಮೈಲಿ ಹಿಮ. ಹಳ್ಳ ದಾಟುವಲ್ಲಿ ಟ್ರಕ್ ಹೂತುಕೊಂಡಿತು. ಇಳಿದು ನಡೆದೆ. ದಾರಿಯಲ್ಲಿ ಎಲ್ಲೋ ಒಂದು ಈಡು ಕೇಳಿಸಿತು. ನಿಂತುಬಿಟ್ಟೆ. ಆಮೇಲೆ ಓಡಿದೆ. ಅರವತ್ತು ವರ್ಷದ ಹೆಂಗಸು, ಮೊಣಕಾಲುದ್ದ ಹಿಮದಲ್ಲಿ.

ಡೇರೆಯ ಮುಂದೆ ಕೊರೀನ್ ಸೌದೆ ಸೀಳುತ್ತಿದ್ದಳು.

"ಲೋವೆಲ್ ಎಲ್ಲಿ?"

"ದಿಬ್ಬದಾಚೆ. ಗುರಿ ನೋಡ್ಕೊಂಡು, ಹೆಜ್ಜೆ ಹುಡುಕ್ಕೊಂಡು ಬರ್ತೀನಿ ಅಂತ—"

"ನನ್ನ ತೋಟೆ... ಮದ್ದು ತಪ್ಪಿದೆ. ಕೋವಿ ಒಡೆಯತ್ತೆ. ಎಲ್ಲಾನೂ ನಾನೇ—"

ಕೊಡಲಿ ಕೆಳಗಿಟ್ಟಳು. ನನ್ನನ್ನು ಎರಡೂ ತೋಳು ಹಿಡಿದು ದಿಮ್ಮಿಯ ಮೇಲೆ ಕೂರಿಸಿದಳು.

"ನಿಮ್ಮದು ಒಂದೂ ಅವನ ಹತ್ರ ಇಲ್ಲ ಆರ್ಡಿಸ್. ಉಸಿರು ತಗೊಳ್ಳಿ. ಒಂದೂ ಇಲ್ಲ."

ಆಮೇಲೆ ನೆಲ ನೋಡುತ್ತ ಹೇಳಿದಳು. ನಾನು ಕೊಟ್ಟ ದಿನವೇ ಒಂದು ತೋಟೆ ಬಿಚ್ಚಿದ್ದಳಂತೆ. "ನಿಮ್ಮ ಗುಟ್ಟು ಕದಿಯೋಣ ಅಂತ. ಊಟಕ್ಕೆ ಕೂತ್ರೆ ಆರ್ಡಿ, ಕೋವಿ ಒರೆಸ್ತಾ ಕೂತ್ರೆ ಆರ್ಡಿ. ಸಾಕಾಗಿತ್ತು ನನಗೆ." ಒಳಗೆ ಸಣ್ಣ ಹರಳಿನ ಮದ್ದು ನೋಡಿ, ಆಳ ಅಳೆಯುವುದನ್ನೂ ಮರೆತು, ಗಾಬರಿಯಾಗಿ ಇನ್ನೊಂದು ಬಿಚ್ಚಿದಳು. ಆಮೇಲೆ ಇಪ್ಪತ್ತೂ. ಮದ್ದನ್ನು ಅಂಗಳದಲ್ಲಿ ಸುಟ್ಟಳು. ನನ್ನ ಡಬ್ಬಿಯೊಳಗೆ ತನ್ನ ಇಪ್ಪತ್ತು ಇಟ್ಟಳು. ಚೀಟಿ ಹಾಗೆಯೇ ಬಿಟ್ಟಳು.

"ನನಗೊಂದು ಫೋನ್ ಮಾಡಬಾರದಿತ್ತಾ?"

"ಮಾಡೋಕೆ ಹೋದೆ. ಕದ್ದು ಬಿಚ್ಚಿದ್ದೂ ಹೇಳ್ಬೇಕಾಗ್ತಿತ್ತಲ್ಲ."

ದಿಬ್ಬದ ಕಡೆ ತಿರುಗಿ ನೋಡಿದಳು. ಮತ್ತೆ ಅವಳೇ, "ಅವನು ಬರೋ ಮುಂಚೆ ಹೊರಡಿ. ನಾನು ಹೇಳಲ್ಲ" ಅಂದಳು. ನನ್ನ ಜೊತೆ ಬಂದು ಟ್ರಕ್ ನೂಕಿದಳು.

ತಮ್ಮ ಉಳಿದ. ಅಷ್ಟು ಸಾಕು. ಸಾಕಾಗಬೇಕಿತ್ತು. ಆದರೆ ಮನಸ್ಸು ಎಂಥದ್ದು... ಉಳಿಸಿದವಳು ಅವಳು ಎಂಬುದೇ ಚುಚ್ಚುತ್ತಿದೆ.

ಅಕ್ಟೋಬರ್ 28

ಲೋವೆಲ್ ಬಂದ. ಬೆನ್ನಿನ ಮೃದು ಮಾಂಸ ಕಾಗದದಲ್ಲಿ ಸುತ್ತಿ ತಂದಿದ್ದ. ಕೊರೀನ್ ಹಿಂದೆಯೇ.

"ಇನ್ನೂರ ಎಂಬತ್ತು ಗಜ ಆರ್ಡಿ! ಐದು ಕವಲಿನ ಕೊಂಬಿನ ಗಂಡು. ಒಂದೇ ಈಡು, ನಿಂತಲ್ಲೇ ಕುಸೀತು. ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು!"

ಕೊರೀನ್ ಅವನ ಬೆನ್ನ ಹಿಂದಿನಿಂದ ಬೇಡ ಎಂದು ತಲೆಯಾಡಿಸಿದಳು.

ಸುಮ್ಮನಿದ್ದರೆ ಹೊಗಳಿಕೆ ನನಗೆ ಉಳಿಯುತ್ತಿತ್ತು. ತೋಟೆ ಅವಳದು, ಹೆಸರು ನನ್ನದು. ಒಂದು ಗಳಿಗೆ ಆ ಹೊಗಳಿಕೆ ಬಾಯಿಗೆ ಸಿಹಿಯಾಗಿತ್ತು. ಸುಳ್ಳೇಕೆ ಹೇಳಲಿ.

"ಅದು ಅವಳ ತೋಟೆ ಲೋವೆಲ್." ಎಲ್ಲ ಹೇಳಿದೆ. ಅವಳು ಕದ್ದು ಬಿಚ್ಚಿದ್ದನ್ನು ಮಾತ್ರ ಮುಚ್ಚಿಟ್ಟು, ಅನುಮಾನ ಬಂದು ತೂಗಿದಳು ಎಂದೆ.

ಅವನು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ನಿನ್ನ ಮೇಲೆ ಸಿಟ್ಟಿಲ್ಲ ಕಣೆ," ಅಂದ ಕೊನೆಗೆ. "ಆದ್ರೆ ಇನ್ನು ನಿನ್ನ ತೋಟೆ ನನಗೆ ಬೇಡ."

ಮಾಂಸ ಮೇಜಿನ ಮೇಲಿಟ್ಟು ಹೋದರು. ಹುರಿದೆ. ತಿನ್ನಲಾಗಲಿಲ್ಲ.

ನವೆಂಬರ್ 21

ಮೂರು ವಾರದಿಂದ ತೋಟೆ ತುಂಬುವ ಶೆಡ್ಡಿನ ಬಾಗಿಲು ತೆಗೆದಿರಲಿಲ್ಲ. ಇವತ್ತು ಕೊರೀನ್ ಬಂದಳು, ಒಬ್ಬಳೇ. ಚೀಲದಲ್ಲಿ ಅವಳ ಸ್ವಂತ ಕೋವಿಯ ಚಿಪ್ಪು.

"ಮುಂದಿನ ಭಾನುವಾರ ಸೀಸನ್ ಮುಗಿಯತ್ತೆ. ನಾನೂ ಒಂದು ದಿನ ಹೋಗ್ತೀನಿ. ಇವನ್ನ ತುಂಬಿಕೊಡ್ತೀರಾ?"

"ನಿನಗೇನು, ತಲೆ ಕೆಟ್ಟಿದೆಯಾ?"

"ಮದ್ದು ತಪ್ಪಿತು ಅಂತ ಹಿಮದಲ್ಲಿ ಓಡ್ಕೊಂಡು ಬಂದವರು ಇನ್ನೊಂದು ಸಲ ತಪ್ಪು ಮಾಡ್ತಾರಾ?"

"ಹಾಗಾದ್ರೆ ಪಕ್ಕದಲ್ಲೇ ಕೂತ್ಕೊ. ಒಂದೊಂದನ್ನೂ ನೋಡು."

"ಕೂರಲ್ಲ. ನಾಳೆ ಬಂದು ತಗೊಂಡು ಹೋಗ್ತೀನಿ."

ಹೊರಟಳು. ಬಾಗಿಲವರೆಗೆ ಹೋದವಳನ್ನು ಕರೆದು ಗುಂಡು ಕೂರಿಸುವ ಆಳ ಹೇಳಿಬಿಟ್ಟೆ, ಅಪ್ಪನ ಕೋವಿಯದು. ಅಂಗೈ ಮೇಲೆ ಬರೆದುಕೊಂಡಳು.

ನಾನಾಗಿದ್ದರೆ ಬರುತ್ತಿದ್ದೆನೇ? ಅವಳ ಜಾಗದಲ್ಲಿ ನಿಂತು ಅವಳ ಹಾಗೆ ಕೇಳುತ್ತಿದ್ದೆನೇ? ಇಲ್ಲ. ಇದರಲ್ಲೂ ಅವಳೇ ಮುಂದು. ಇದಕ್ಕೂ ಹೊಟ್ಟೆ ಉರಿಯುತ್ತದಲ್ಲ, ದೇವರೇ.

ತಕ್ಕಡಿಯನ್ನು ಸೊನ್ನೆಗೆ ತಂದೆ. ಮೊದಲನೆಯದನ್ನು ತೂಗಿದೆ. ಸರಿಯಿದೆ. ಮತ್ತೆ ತೂಗಿದೆ. ಸರಿಯಿದೆ. ಸರಿಯಿದೆ ಎಂದು ಕಣ್ಣು ಹೇಳುತ್ತದೆ, ಕೈ ನಂಬುತ್ತಿಲ್ಲ... ಇನ್ನೊಮ್ಮೆ—