ನಾನು ಕಿತ್ತ ಸ್ಟಿಕರುಗಳು

ದೋಹಾ
14 ನವೆಂಬರ್ 2025, ಶುಕ್ರವಾರ

ಮುದ್ದಿನ ಧುವೆ ಟ್ರೀಸಾ,

ಹೇಗಿದ್ದೀ ಮಗಳೇ? ಕೊವೆಂಟ್ರಿಯಲ್ಲಿ ಚಳಿ ಹಿಡಿದಿರಬೇಕು. ಕಳೆದ ವರ್ಷ ಇದೇ ಹೊತ್ತಿಗೆ ನಿನಗೆ ಕೆಮ್ಮು ಬಂದು ಕ್ರಿಸ್‌ಮಸ್‌ವರೆಗೆ ಬಿಟ್ಟಿರಲಿಲ್ಲ. ಈ ಸಲವಾದರೂ ಕಿವಿ ಮುಚ್ಚುವ ಟೋಪಿ ಹಾಕು, ಚೆಂದ ಕಾಣುವುದಿಲ್ಲ ಎಂದು ಚೀಲದಲ್ಲೇ ಇಡಬೇಡ. ಎರಡು ತಿಂಗಳು ನಿನ್ನ ಫೋನ್ ಎತ್ತದ ಅಪ್ಪ ಈಗ ಯಾವ ಮುಖ ಇಟ್ಟುಕೊಂಡು ಆರೋಗ್ಯ ವಿಚಾರಿಸುತ್ತಾನೆ ಎಂದು ನೀನು ಕೇಳಬಹುದು. ಕೇಳು, ಕೇಳುವ ಹಕ್ಕು ನಿನಗಿದೆ. ಫೋನಿನಲ್ಲಿ ನಾನು ಕೂಗುತ್ತೇನೆ, ವಾಟ್ಸಾಪಿನಲ್ಲಿ ಬರೆದು ಬರೆದು ಅಳಿಸುತ್ತೇನೆ. ಅದಕ್ಕೇ ಕಾಗದ. ನಮ್ಮ ಸರ್ವಿಸ್ ಮ್ಯಾನೇಜರ್ ಡ್ಯಾರೆಲ್ ಟ್ರೈನಿಂಗಿಗೆಂದು ಈ ಸಂಜೆ ಇಂಗ್ಲೆಂಡಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಕೊಡುತ್ತೇನೆ. ಮನೆಯಲ್ಲಿ ನಾವು ಆಡುವುದು ಕೊಂಕಣಿಯಾದರೂ ಕಾಗದ ಎಂದರೆ ನನಗೆ ಶಾಲೆಯಲ್ಲಿ ಕಲಿತ ಕನ್ನಡವೇ ಬರುವುದು. ನೀನು ನಿಧಾನಕ್ಕೆ ಓದು. ತಿಳಿಯದ ಕಡೆ ಗಟ್ಟಿಯಾಗಿ ಓದು, ಚಿಕ್ಕಂದಿನಲ್ಲಿ ಶುಕ್ರವಾರ ಶುಕ್ರವಾರ ಕಾಗುಣಿತ ಬರೆಸುತ್ತಿದ್ದೆನಲ್ಲ, ಹಾಗೆ.

ಅಮ್ಮ ಚೆನ್ನಾಗಿದ್ದಾಳೆ. ಕ್ಲಿನಿಕ್ಕಿನ ರಿಸೆಪ್ಶನ್ ಕೆಲಸ ಇನ್ನೂ ಬಿಟ್ಟಿಲ್ಲ. ನನ್ನ ಹತ್ತಿರ ಮಾತು ಮಾತ್ರ ಬಿಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಮಿಸೈಮೀರಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮನೆಗೆ ಬಂದವಳೇ ಸಣ್ಣಾಸಿಗೆ ಹಿಟ್ಟು ರುಬ್ಬಿಟ್ಟು, ಮೇಜಿನ ಮೇಲೆ ಪೆನ್ನು ಹಾಳೆ ತಂದು ಕುಕ್ಕಿ ಒಳಗೆ ಹೋದಳು. ಬರ್ನಡೆಟ್‌ಳ ಆ ಕುಕ್ಕುವಿಕೆಯ ಅರ್ಥ ಮೂವತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗದೆ ಇರುತ್ತದೆಯೇ? ಬರೆಯಲು ಕುಳಿತೆ.

ಜುಲೈಯಲ್ಲಿ ನಿನ್ನ ಮೂವತ್ತನೇ ಹುಟ್ಟುಹಬ್ಬದ ದಿನ ನಾನು ಮಾತಾಡಿದ್ದು ತಪ್ಪು. ಪ್ರತಿ ವರ್ಷದಂತೆ ನೀನು ಆವತ್ತೂ ನಿನ್ನ ಹುಟ್ಟಿನ ಕಥೆ ಹೇಳಿಸಿಕೊಂಡೆ. ಅಮ್ಮ ಹೆರಿಗೆಗೆ ಊರಿಗೆ ಹೋದದ್ದು, ಜಡಿಮಳೆ, ಮೋರಿ ಮುಳುಗಿ ಜೀಪು ನಿಂತದ್ದು, ಬ್ರಿಜಿಟ್ ದೊಡ್ಡಮ್ಮ ಸೆರಗಿನಲ್ಲಿ ನಿನ್ನನ್ನು ಸುತ್ತಿ ಎತ್ತಿಕೊಂಡದ್ದು. ಕಥೆ ಮುಗಿದ ಬೆನ್ನಿಗೇ ನೀನು ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿದ ಸುದ್ದಿ ಹೇಳಿದೆ. ನನಗೆ ತಲೆಗೇರಿತು. ನಮ್ಮ ಪಾಸ್‌ಪೋರ್ಟನ್ನು ಅವರ ಮೇಜಿನ ಮೇಲೆ ಬಿಸಾಡಿ ನಾಳೆ ಅಪ್ಪನ ಹೆಣ ನೋಡಲು ವೀಸಾ ತೆಗೆದುಕೊಂಡು ಬರುತ್ತೀಯಾ ಎಂದುಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನೀನು ಅಳಲಿಲ್ಲ, ನಕ್ಕೆ. "ಅಪ್ಪಾ, ನೀವು ಮಾರುವ ಕಾರು ಎಷ್ಟು ಬ್ರಿಟಿಷೋ ನಾನೂ ಅಷ್ಟೇ ಬ್ರಿಟಿಷ್" ಎಂದೆ. ಕಾರಿಗೆ ಊರಿಲ್ಲ, ಮನುಷ್ಯರಿಗೆ ಇದೆ ಎಂದು ನಾನು ಫೋನ್ ಇಟ್ಟೆ.

ಆದರೆ ನಿನ್ನ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು. ನೀನು ಹೇಳಿದ್ದರಲ್ಲಿ ಸುಳ್ಳೇನಿದೆ? ನಮ್ಮ ಶೋರೂಮಿನ ಕಾರಿಗೆ ಮೂತಿಯ ಮೇಲೆ ರೆಕ್ಕೆಯ ಲಾಂಛನ, ಇಂಗ್ಲೆಂಡಿನ ಹೆಸರು, ರಾಜಮನೆತನದ ಗತ್ತು. ಯಜಮಾನರು ಜರ್ಮನರು. ಆ ಜರ್ಮನ್ ಕಂಪನಿಯಲ್ಲಿ ಈ ಕತಾರ್ ದೇಶದ್ದೇ ಒಂದು ಪಾಲು. ಅತ್ತ ನೀನು ಸೀಟಿನ ಚರ್ಮಕ್ಕೆ ಬಣ್ಣ ಆರಿಸುವ ನಿನ್ನ ಕಂಪನಿಯೂ ಬ್ರಿಟಿಷರ ಹೆಮ್ಮೆಯದ್ದೇ, ಅದರ ಯಜಮಾನರು ನಮ್ಮ ಟಾಟಾದವರು. ಅಂದರೆ ಭಾರತದ ಅಪ್ಪ ಅರಬರ ನೆಲದಲ್ಲಿ ಜರ್ಮನರ ಇಂಗ್ಲಿಷ್ ಕಾರು ತಿಕ್ಕುತ್ತಾನೆ, ಮಗಳು ಇಂಗ್ಲೆಂಡಿನಲ್ಲಿ ಭಾರತೀಯರ ಸಂಬಳ ತಿಂದು ಇಂಗ್ಲಿಷಳಾಗುತ್ತಾಳೆ. ಡ್ಯಾರೆಲ್‌ನಿಗೆ ಇದನ್ನು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಮೂವತ್ತಮೂರು ವರ್ಷದಿಂದ ಇಲ್ಲಿದ್ದೇನೆ, ಮಾರ್ಚಿಗೆ ಅರವತ್ತು ತುಂಬುತ್ತದೆ, ರೆಸಿಡೆನ್ಸಿ ಖಲಾಸ್. ಈ ಊರು ಒಂದು ದಿನವೂ ನನ್ನನ್ನು ತನ್ನವನು ಅನ್ನಲಿಲ್ಲ, ಅನ್ನಬೇಕೆಂದು ನಾನೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ನೀನು ಮೂಲ ಜನನ ಪತ್ರ ಕೇಳಿದೆ. ಮನೆ ಬದಲಿಸುವಾಗ ಕಳೆದುಹೋಯಿತು ಎಂದೆ. ನೀನು ಊರಿನ ಪಂಚಾಯ್ತಿಗೇ ಬರೆದೆ, ಆ ವರ್ಷದ ಪುಸ್ತಕದಲ್ಲಿ ನಿನ್ನ ಹೆಸರೇ ಇಲ್ಲ ಎಂದು ಉತ್ತರ ಬಂತು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಉಡುಪಿ, ಊರಿನಲ್ಲಿ ದಾಖಲೆಯಿಲ್ಲ. ನವೆಂಬರ್ ಮೂವತ್ತರೊಳಗೆ ಪತ್ರ ಕೊಡದಿದ್ದರೆ ಅರ್ಜಿ ಬಿದ್ದುಹೋಗಬಹುದು ಎಂದು ನಿನ್ನ ವಕೀಲರು ಹೇಳಿದ್ದಾರೆ ಅಂದೆ. ಆಮೇಲೆ ಕೇಳಿದೆ, "ಅಪ್ಪಾ, ನೀವು ಏನಾದರೂ ಮುಚ್ಚಿಡುತ್ತಿದ್ದೀರಾ?" ಆವತ್ತಿನಿಂದ ನಾನು ನಿನ್ನ ಫೋನ್ ಎತ್ತಿಲ್ಲ.

ಈಗ ಬುಧವಾರದ ಸುದ್ದಿ ಹೇಳುತ್ತೇನೆ. ಹೊಸ ಕಾರನ್ನು ಗಿರಾಕಿಗೆ ಒಪ್ಪಿಸುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ, ಚಿಕ್ಕವಳಿದ್ದಾಗ ವರ್ಕ್‌ಶಾಪಿಗೆ ಬಂದು ನೀನೂ ನೋಡಿದ್ದೀ. ಬಾನೆಟ್ಟಿನ ಒಳಗೆ, ಡಿಕ್ಕಿಯ ಮೂಲೆಯಲ್ಲಿ, ಸೀಟಿನ ಅಡಿಯಲ್ಲಿ ಬಿಡಿಭಾಗಗಳ ಮೇಲೆ ಸಣ್ಣ ಸಣ್ಣ ಸ್ಟಿಕರ್ ಇರುತ್ತವೆ. ಯಾವುದು ಯಾವ ದೇಶದಲ್ಲಿ ಆದದ್ದು ಎಂದು. ಅದನ್ನೆಲ್ಲ ಉಗುರಿನಿಂದ ಎಬ್ಬಿಸಿ, ಸ್ಪಿರಿಟ್ ಹಚ್ಚಿ ಒರೆಸಿಬಿಡುತ್ತೇನೆ. ಕಂಪನಿ ಹೇಳಿದ್ದಲ್ಲ. ನಾನು ಸೇರಿದಾಗ ಇದ್ದ ಇಂಗ್ಲಿಷ್ ಫೋರ್‌ಮನ್ ಕಲಿಸಿದ್ದು. ಗಿರಾಕಿ ಕೊಳ್ಳುವುದು ಇಂಗ್ಲೆಂಡನ್ನು, ಅವನ ಕಣ್ಣಿಗೆ ಬೇರೆ ಊರು ಬೀಳಬಾರದು ಎನ್ನುತ್ತಿದ್ದ. ಆ ಮನುಷ್ಯ ಊರಿಗೆ ಹೋಗಿ ಇಪ್ಪತ್ತೈದು ವರ್ಷವಾಯಿತು, ನನ್ನ ಉಗುರು ಮಾತ್ರ ನಿಲ್ಲಲಿಲ್ಲ. ಈಗಿನವರಿಗೆ ಇದು ಹುಚ್ಚು, ನನಗೆ ನಿಯತ್ತು.

ಬುಧವಾರ ನಾನು ಹೀಗೆ ಡಿಕ್ಕಿಯಲ್ಲಿ ತಲೆ ಹಾಕಿದ್ದಾಗ ಆ ಕಾರಿನ ಗಿರಾಕಿ ಅಬೂ ರಾಶಿದ್ ಹೇಳದೆ ಕೇಳದೆ ಬಂದು ಹಿಂದೆ ನಿಂತಿದ್ದಾರೆ. ಎಪ್ಪತ್ತೈದು ದಾಟಿದ ಕತಾರಿ ಯಜಮಾನರು, ನಮ್ಮ ಹಳೆಯ ಗಿರಾಕಿ, ಅರೆಬರೆ ಹಿಂದಿಯಲ್ಲಿ ಚೆನ್ನಾಗಿ ತಮಾಷೆ ಮಾಡುತ್ತಾರೆ. ನನ್ನ ಬೆರಳಿಗೆ ಅಂಟಿದ್ದ ಸ್ಟಿಕರ್ ನೋಡಿ "ಖಲ್ಲಿ, ಖಲ್ಲಿ, ಯೂಜಿನ್" ಎಂದರು, ಇರಲಿ ಬಿಡು ಅಂತ. "ಎಲ್ಲಿಂದ ಏನು ಬಂದಿದೆ ಎಂದು ನನಗೆ ಗೊತ್ತಿಲ್ಲವಾ? ನಮ್ಮ ದೇಶದ ಪಾಲೂ ಇದೆಯಲ್ಲ, ಅದರ ಸ್ಟಿಕರ್ ಎಲ್ಲಿ ಹಾಕಿದ್ದೀ ತೋರಿಸು" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಒಂದು ಸ್ಟೂಲ್ ಎಳೆದು ಕುಳಿತು ಹೇಳಿದರು, ಅವರ ತಾಯಿ ಸಮುದ್ರದ ಆಚೆ ದಡದವಳಂತೆ, ಇರಾನಿನವಳು. ಸಾಯುವವರೆಗೂ ಅಡುಗೆಮನೆಯಲ್ಲಿ ಫಾರ್ಸಿಯಲ್ಲೇ ಬೈಯುತ್ತಿದ್ದಳಂತೆ. "ನಮ್ಮ ಮನೆಯಲ್ಲಿ ಯಾರೂ ಅವಳ ಸ್ಟಿಕರ್ ಕೀಳಲಿಲ್ಲ" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗಾಯಿತು ನನಗೆ. ಅವರು ಕಾರಿನ ಮಾತಾಡುತ್ತಿದ್ದರು, ನಾನು ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ. ಮಕ್ಕಳೆಷ್ಟು ಎಂದರು. ಒಬ್ಬಳೇ ಮಗಳು, ಬ್ರಿಟನ್ನಿನಲ್ಲಿದ್ದಾಳೆ ಎಂದೆ. "ಇಲ್ಲಿ ಹುಟ್ಟಿದವಳಾ?" ಎಂದು ಕೇಳಿದರು. ಸುಮ್ಮನೆ, ಮಾತಿಗೆ ಮಾತು ಕೇಳಿದ್ದು. ನಾನು ಏನೋ ಹೇಳಿದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ನಿನ್ನೆ ಕೆಲಸಕ್ಕೂ ಹೋಗಲಿಲ್ಲ.

ಹೆದರಿಕೆಯಾಗುತ್ತಿದೆ ಟ್ರೀಸಾ. ನೀನು ಪರದೇಶಿಯಾಗುವೆ ಎಂದು ಕೂಗಾಡಿದೆನಲ್ಲ, ಅದು ನಿಜವಾದ ಹೆದರಿಕೆಯಲ್ಲ. ನಾನು ಮಾಡಿದ್ದರಿಂದ ನಿನ್ನ ಎಂಟು ವರ್ಷದ ದುಡಿಮೆ ನೀರಿನಲ್ಲಿ ಹೋಮವಾದರೆ ಎಂಬುದು ಒಂದು. ನಿಜ ಗೊತ್ತಾದ ಮೇಲೆ ನೀನು ನನ್ನನ್ನು ಅಪ್ಪಾ ಎಂದು ಕರೆಯದೆ ಹೋದರೆ ಎಂಬುದು ಇನ್ನೊಂದು. ಯಾವುದು ದೊಡ್ಡದು ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ, ಎರಡನೆಯದೇ.

ಸಣ್ಣಾಸು ಬೇಯುವ ವಾಸನೆ ಬರುತ್ತಿದೆ. ಅಮ್ಮ ಎರಡು ಸಲ ಬಾಗಿಲಲ್ಲಿ ಇಣುಕಿ, ಪೆನ್ನು ಓಡುತ್ತಿರುವುದನ್ನು ನೋಡಿ ಹೋದಳು. ನಿನಗೆಂದು ಒಣ ಸಿಗಡಿಯ ಚಟ್ನಿಪುಡಿ ಕಟ್ಟಿದ್ದಾಳೆ. ನೀನು ಯಾವ ರಾಣಿ ರಾಜರ ಪ್ರಜೆಯಾದರೂ ಊಟಕ್ಕೆ ಮೊದಲು ಶಿಲುಬೆಯ ಗುರುತು ಮಾಡು, ತಲೆಗೆ ಎಣ್ಣೆ ಹಚ್ಚು. ನಮ್ಮಿಬ್ಬರ ಬೆಸಾಂವ್ ಸದಾ ನಿನ್ನ ನೆತ್ತಿಯ ಮೇಲಿರಲಿ. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ಇಂತಿ ನಿನ್ನ ಹಟಮಾರಿ ಅಪ್ಪ,
ಯೂಜಿನ್ ಲೋಬೊ

ಮರೆತ ಮಾತು: ಡ್ಯಾರೆಲ್ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಸುಳ್ಳು, ಮರೆತದ್ದಲ್ಲ, ಈವರೆಗೆ ಧೈರ್ಯ ಬರಲಿಲ್ಲ. ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಅರಬಿಯಲ್ಲಿ. ಅದೇ ನಿನ್ನ ಜನನ ಪತ್ರ. ಕಳೆದಿರಲಿಲ್ಲ, ಬೈಬಲಿನ ರಟ್ಟಿನೊಳಗೆ ಇಟ್ಟಿದ್ದೆ. ನೀನು ಹುಟ್ಟಿದ್ದು ದೋಹಾದಲ್ಲಿ. ಅಮ್ಮನಿಗೆ ಬಿಪಿ ಏರಿ ಡಾಕ್ಟರು ವಿಮಾನ ಹತ್ತಬಾರದು ಎಂದರು. ನಲವತ್ತು ದಿನದ ನಿನ್ನನ್ನು ಊರಿಗೆ ಒಯ್ದು ಜ್ಞಾನಸ್ನಾನ ಮಾಡಿಸಿದೆವು, ಇಗರ್ಜಿಯ ಪುಸ್ತಕದಲ್ಲಿ ಊರಿನಲ್ಲೇ ಹುಟ್ಟಿದ್ದು ಎಂದು ಬರೆಸಿದೆ, ಏಜೆಂಟನನ್ನು ಹಿಡಿದು ಪಾಸ್‌ಪೋರ್ಟಿಗೂ ಅದನ್ನೇ ಹಾಕಿಸಿದೆ. ಎಂದೂ ನಿನ್ನನ್ನು ತನ್ನವಳು ಅನ್ನದ ಊರಿನ ಹೆಸರು ಜೀವನಪೂರ್ತಿ ನಿನ್ನ ಮೇಲೆ ಇರುವುದು ಬೇಡ ಅನ್ನಿಸಿತ್ತು ಮಗಳೇ, ಅಷ್ಟೇ. ಎಲ್ಲ ನನ್ನದೇ ಕೆಲಸ, ನಿನಗೆ ಗೊತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ ಹಾಳೆಯೂ ಇದೆ, ವಕೀಲರಿಗೆ ತೋರಿಸು. ಕೊಡುವುದೋ ಬಿಡುವುದೋ ನಿನ್ನ ಇಷ್ಟ. ಜೀಪು ಇರಲಿಲ್ಲ, ಮಳೆಯೂ ಇರಲಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು, ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗುತ್ತಿತ್ತು, ನಿನ್ನನ್ನು ಮೊದಲು ಎತ್ತಿಕೊಂಡದ್ದು ನಾನು. ಮಂಗಳವಾರ ಅಬೂ ರಾಶಿದ್ ಕಾರು ಒಯ್ಯಲು ಬರುತ್ತಾರೆ. ಮಗಳು ಇಲ್ಲಿ ಹುಟ್ಟಿದವಳಾ ಎಂದಾಗ ಮೊನ್ನೆ ಅಲ್ಲ ಎಂದಿದ್ದೆ, ಈ ಸಲ ಅವರು ಕೇಳದಿದ್ದರೂ ಹೌದು ಎನ್ನುತ್ತೇನೆ.